ಮೊದಲು ತೋಡಿನ ಜೊತೆ ನಡೆ

ಮಗಳೇ, ಪೊನ್ನಂಪೇಟೆಯ ಅರಣ್ಯ ಕಾಲೇಜು ಸೇರಿದ್ದೀಯ, ಪರಿಸರ ಹೋರಾಟಕ್ಕೂ ಇಳಿಯುತ್ತೇನೆ ಅನ್ನುತ್ತೀಯ. ಇಳಿ. ಆದರೆ ಘೋಷಣೆ ಕೂಗುವ ಮುಂಚೆ ನಮ್ಮ ಗದ್ದೆಯ ತೋಡು ಹೊಳೆ ಸೇರುವವರೆಗೂ ಒಮ್ಮೆ ನಡೆದು ಬಾ.

ಕೊಡಗೆಂದರೆ ಕಾವೇರಿ ಅನ್ನುವುದು ನಮಗೆ ರೂಢಿ. ಹಾರಂಗಿ, ಲಕ್ಷ್ಮಣತೀರ್ಥ ಅವಳನ್ನೇ ಸೇರುತ್ತವೆ, ಸರಿ. ಬರಪೊಳೆ ಕೇರಳಕ್ಕಿಳಿಯುತ್ತದಲ್ಲ? ಪಯಸ್ವಿನಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿದಾಗ ಕೆಸರು ಹರಿದದ್ದು ಆ ಕಡೆಗೇ. ಅಮೆರಿಕದ ಪೀಟರ್ ಬರ್ಗ್, ರೇಮಂಡ್ ಡಾಸ್ಮನ್ 1970ರ ದಶಕದಲ್ಲಿ ಮುಂದಿಟ್ಟ ಜೈವಿಕ ಪ್ರದೇಶದ ವಿಚಾರದ ತಿರುಳೂ ಇದೇ: ಸರ್ವೆ ಕಲ್ಲು ಬಿಟ್ಟು ನೀರು, ಮಣ್ಣು, ಮರಗಳಿಂದ ಊರನ್ನು ಗುರುತಿಸಿ ಅದಕ್ಕೆ ತಕ್ಕಂತೆ ಬಾಳುವುದು.

ಲೆಕ್ಕ ಇಡುವುದನ್ನೂ ಕಲಿ. ದೇವರಕಾಡು ಹೋಯಿತು ಅಂತ ಹಬ್ಬದ ದಿನ ಎಲ್ಲರೂ ಗೊಣಗುತ್ತಾರೆ. ಮಾನವಶಾಸ್ತ್ರಜ್ಞ ಎಂ.ಎ. ಕಲಾಂ ಬರೆದಿಟ್ಟರು: 1905ರಲ್ಲಿ 15,506 ಎಕರೆ ಇದ್ದದ್ದು 1985ಕ್ಕೆ 6,299 ಎಕರೆ. ಗೊಣಗಾಟವನ್ನು ಯಾವ ಕಚೇರಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಎರಡು ಅಂಕಿಗಳಿಗೆ ಉತ್ತರ ಹೇಳಲೇಬೇಕಾಗುತ್ತದೆ. ನಿನ್ನ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಜಿ. ಕುಶಾಲಪ್ಪ, ಶೋನಿಲ್ ಭಾಗವತ್ ಮತ್ತಿತರರು ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯಗಳನ್ನು ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಓದು. ಅಳಿವಿನಂಚಿನ ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡಿನಲ್ಲೇ ಹೆಚ್ಚು ಕಂಡವು. ನಾಡಮರದ ನೆರಳಿನ ತೋಟಕ್ಕೂ ಅದರಲ್ಲಿ ಬೆಲೆಯಿದೆ.

ಹಾಗಾಗಿ ನಿನ್ನ ಅಪ್ಪ ಅತ್ತಿ, ನಂದಿ ಕಡಿಸಿ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಲು ಹೊರಟರೆ ಮೊದಲ ಹೋರಾಟ ಮನೆಯ ಜಗಲಿಯಲ್ಲೇ. ಜಗಳಕ್ಕೆ ನಿಲ್ಲಬೇಡ, ಅವನಿಗೂ ಕಾರಣವಿದೆ. ಸಿಲ್ವರ್ ಓಕ್ ಕಡಿದು ಮಾರಲು ಅನುಮತಿಯ ರಗಳೆ ಕಡಿಮೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ನಾಡಮರಕ್ಕೆ ಸಾಕಿದವನ ಹಕ್ಕೇ ಗಟ್ಟಿಯಿಲ್ಲ. ಅಪ್ಪನನ್ನು ಬೈದರೆ ಕಾನೂನು ಬದಲಾಗುತ್ತದೆಯೇ?

ಪಶ್ಚಿಮಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದೇ ಹೇಳಿತ್ತು. ನಮ್ಮೂರುಗಳಿಗೆ ವರದಿಗಿಂತ ಮೊದಲು ಅದರ ಭಯ ಬಂದು ತಲುಪಿತು. ಓದಿದವರು ಊರಿಗೆ ಹೋಗಿ ಓದಿ ಹೇಳಬೇಕಿತ್ತು. ನೀನು ಬರೆದದ್ದನ್ನು ಕುಲದ ಹಿರಿಮನೆಯಾದ ಐನ್‌ಮನೆಯಲ್ಲೂ ಹೇಳು, ತೋಟದ ಕೂಲಿ ಲೈನ್ ಮನೆಯ ಯರವ ಬುಡಕಟ್ಟಿನವರ ಮುಂದೆಯೂ ಹೇಳು. ಕಾಡುಮರಗಳ ಗುರುತು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಅವರಿಂದ ಕಲಿತದ್ದನ್ನು ಪ್ರಬಂಧದಲ್ಲಿ ಅವರ ಹೆಸರು ಹಾಕಿಯೇ ಬರೆ.