ಕಲ್ಲುಕಂಬಗಳ ದ್ವೀಪ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಶಾಲಾ ಕಾಲೇಜುಗಳಿಂದ ಕರಾವಳಿಗೆ ಅಧ್ಯಯನ ಪ್ರವಾಸ ಹೊರಡುವ ತಂಡಗಳು ಸಾಮಾನ್ಯವಾಗಿ ಕಾರ್ಕಳ, ಉಡುಪಿ, ಮಣಿಪಾಲಗಳನ್ನು ನೋಡಿ ಬರುತ್ತವೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿಯ ಅಳತೆಯನ್ನೂ ಶಾಸನದ ವಿವರವನ್ನೂ ಬರೆದುಕೊಂಡು, ಬಸದಿಯಿಂದ ಬಸದಿಗೆ ನಡೆದು ದಣಿದ ವಿದ್ಯಾರ್ಥಿಗಳಿಗೆ ಒಂದು ಅಪರಾಹ್ನದ ವಿರಾಮ ಬೇಕಾಗುತ್ತದೆ. ಅದು ದೊರೆಯುವುದು ಮಲ್ಪೆಯ ಕಡಲಿನಲ್ಲಿ, ಸೇಂಟ್ ಮೇರೀಸ್ ದ್ವೀಪದಲ್ಲಿ.

ಮಲ್ಪೆಯಿಂದ ದೋಣಿ ಹೊರಟ ಅರ್ಧ ಗಂಟೆಯೊಳಗೆ ತೆಂಗಿನ ಮರಗಳ ತಲೆಗಳು ಕಾಣತೊಡಗುತ್ತವೆ. ಇಲ್ಲಿರುವುದು ಒಂದೇ ದ್ವೀಪವಲ್ಲ, ಮುಖ್ಯವಾಗಿ ನಾಲ್ಕು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಶಿಲುಬೆಯೊಂದನ್ನು ನೆಟ್ಟು ಮೇರಿಮಾತೆಯ ಹೆಸರಿಟ್ಟನೆಂಬ ಐತಿಹ್ಯವುಂಟು. ಆದರೆ ಈ ದ್ವೀಪದ ನಿಜವಾದ ಚರಿತ್ರೆಯ ಮುಂದೆ ಐದು ಶತಮಾನಗಳು ಒಂದು ಗಳಿಗೆಯೂ ಅಲ್ಲ.

ದಡದುದ್ದಕ್ಕೂ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಕೆಲವಕ್ಕೆ ಏಳು. ಶಿಲ್ಪಿಯು ಉಳಿಯಿಂದ ಕಡೆದು ಜೋಡಿಸಿದನೋ ಎಂಬಂತಿರುವ ಇವುಗಳನ್ನು ಯಾರೂ ಕಡೆದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಕೆಸರು ಒಣಗಿ, ಕುಗ್ಗಿ, ಹಲವು ಮೂಲೆಗಳ ಹೆಂಟೆಗಳಾಗಿ ಬಿರಿಯುವುದನ್ನು ಹಳ್ಳಿಯ ಮಕ್ಕಳೆಲ್ಲ ಕಂಡಿರುತ್ತಾರೆ. ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವೂ ತಣಿಯುವಾಗ ಹಾಗೆಯೇ ಕುಗ್ಗುತ್ತದೆ. ಮೇಲ್ಮೈಯಲ್ಲಿ ಮೂಡಿದ ಬಿರುಕು ಶಾಖ ಇಳಿದಂತೆಲ್ಲ ಆಳಕ್ಕೆ ಇಳಿಯುತ್ತ ಹೋಗಿ ಇಡೀ ಬಂಡೆಯನ್ನು ಕಂಬಗಳಾಗಿ ಸೀಳುತ್ತದೆ. ಇವುಗಳನ್ನು ಬಸಾಲ್ಟ್ ಎಂದು ಕರೆಯುವುದು ರೂಢಿಯಾಗಿದ್ದರೂ ಅದು ಸರಿಯಲ್ಲ. ಇವು ಸಿಲಿಕಾಂಶ ಹೆಚ್ಚಿರುವ ರಯೋಲೈಟ್ ಹಾಗೂ ಡೇಸೈಟ್ ವರ್ಗದ ಶಿಲೆಗಳು. ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ.

ಜಯನಗರದ ವಿದ್ಯಾರ್ಥಿಗೆ ಈ ಸಂಖ್ಯೆಯನ್ನು ಅಳೆಯಲು ಮನೆಯ ಹತ್ತಿರವೇ ಒಂದು ಅಳತೆಗೋಲಿದೆ. ಕೆಂಪೇಗೌಡ ಗೋಪುರವನ್ನು ಹೊತ್ತ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರೆದುರು ಈ ದ್ವೀಪ ನಿನ್ನೆ ಮೊನ್ನೆಯ ಕೂಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಎರಡನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದೆ. ಆದುದರಿಂದ ಕಂಬದ ಚೂರನ್ನು ಒಡೆದು ಚೀಲಕ್ಕೆ ಹಾಕಿಕೊಳ್ಳುವುದು ದೇವಾಲಯದ ಶಿಲ್ಪವನ್ನು ಭಂಗಿಸಿದಂತೆ.

ಕಂಬಗಳನ್ನು ನೋಡಿದ ಮೇಲೆ ವಿದ್ಯಾರ್ಥಿಗಳು ಪುಸ್ತಕ ಮುಚ್ಚಿ, ತೆಂಗಿನ ನೆರಳಿನಲ್ಲಿ ಮೈಚೆಲ್ಲುತ್ತಾರೆ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಬರಿಗಾಲಿಗೆ ಅವು ಚುಚ್ಚುತ್ತವೆ. ನಗರದ ಸದ್ದಿನಲ್ಲಿ ಬೆಳೆದ ಕಿವಿಗಳಿಗೆ ಅಲೆಯ ಒಂದೇ ದನಿ ಮೊದಲು ಬೇಸರವೆನಿಸಿ, ಆಮೇಲೆ ಹಿತವಾಗುತ್ತದೆ. ಅಪಾಯ ಹೊಂಚುಹಾಕುವುದೂ ಈ ಹೊತ್ತಿನಲ್ಲಿಯೇ. ಅಲೆ ಬಡಿಯುವ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ನೋಡುವುದಕ್ಕೆ ಒಣಗಿದಂತಿದ್ದ ಕಲ್ಲನ್ನೂ ದೊಡ್ಡ ಅಲೆಯೊಂದು ಹಠಾತ್ತನೆ ತೊಳೆದುಬಿಡುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದ ಕಾಲೇಜೊಂದರಿಂದ ಪ್ರವಾಸ ಬಂದಿದ್ದ ತಂಡದಲ್ಲಿ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ಸಮುದ್ರದ ಪಾಲಾದರು. ನೀರಿಗಿಳಿಯಬೇಡಿರೆಂದು ಗದರುವ ಅಧ್ಯಾಪಕರು ಮಕ್ಕಳ ಸಂತೋಷಕ್ಕೆ ಅಡ್ಡಿಬರುವವರಂತೆ ಕಾಣಬಹುದು. ಸಂಜೆ ದೋಣಿಯೇರುವಾಗ ತಲೆಗಳನ್ನು ಎಣಿಸಬೇಕಾದವರು ಅವರೇ.

ದೋಣಿ ಮಲ್ಪೆಯತ್ತ ತಿರುಗಿದಾಗ ಸೂರ್ಯ ದ್ವೀಪದ ಹಿಂದೆ ಇಳಿಯುತ್ತಿರುತ್ತಾನೆ. ಆ ಪಡುವಣ ದಿಕ್ಕಿನಲ್ಲಿ ಒಂದು ಕಾಲಕ್ಕೆ ಕಡಲಿರಲಿಲ್ಲ, ನೆಲವಿತ್ತು. ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿಯೇ ಈ ಲಾವಾ ಉಕ್ಕಿತೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಅಲ್ಲಿಯೂ ಇವೆ. ಇಂದು ಇವೆರಡರ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರುಗಳಷ್ಟು ನೀರು; ಭಾರತದ ನೆಲವಾದರೋ ಈಗಲೂ ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಈಶಾನ್ಯದ ಕಡೆಗೆ ಸರಿಯುತ್ತಲೇ ಇದೆ.