ಹಳೇ ಎಸ್ಟೀಮ್ ಟ್ರ್ಯಾಕಿಗೆ ಇಳಿಯುವ ಮುನ್ನ

ಲಕ್ಷ ಕಿಲೋಮೀಟರ್ ದಾಟಿದ ಮಾರುತಿ ಎಸ್ಟೀಮನ್ನು ವರ್ಷಕ್ಕೊಂದೆರಡು ಸಲ ಶ್ರೀಪೆರಂಬುದೂರಿನ ಬಳಿಯ ಟ್ರ್ಯಾಕಿಗೋ ಊರಾಚೆಯ ಆಟೋಕ್ರಾಸ್‌ಗೋ ಒಯ್ಯುವ ಆಸೆ ನಿಮಗಿದ್ದರೆ, ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಬಹುಮಟ್ಟಿಗೆ ವಾಲ್ವಿನದೋ ಹೆಡ್ ಗ್ಯಾಸ್ಕೆಟ್ಟಿನದೋ ತೊಂದರೆ. ರಿಪೇರಿಯಾಗುವವರೆಗೆ ಆ ಗಾಡಿಯನ್ನು ರೇಸಿಗೆ ಇಳಿಸಲೇಬೇಡಿ.

ಇನ್ನೊಂದು ದೊಡ್ಡ ಅಪಾಯ ಆಯಿಲ್‌ನದು. ರಭಸದ ತಿರುವಿನಲ್ಲಿ ಸಂಪಿನ ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ, ಪಂಪು ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗಿ ಉಜ್ಜಿಹೋಗುತ್ತದೆ. ಹಾಗಾಗಿ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೂ ಆಯಿಲ್ ಇರಲಿ. ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ. ಪ್ರತಿ ಓಟದ ನಂತರವೂ ನೋಡಿ. ಟೈಮಿಂಗ್ ಬೆಲ್ಟ್, ರೇಡಿಯೇಟರ್ ಹೋಸ್‌ಗಳನ್ನು ಯಾವಾಗ ಹಾಕಿಸಿದ್ದೆಂದು ನೆನಪಿಲ್ಲವೇ? ಬದಲಿಸಿಬಿಡಿ, ಎರಡನೇ ಮಾತಿಲ್ಲ.

ಕೆಂಪು ಗೆರೆಗಿಂತ 500 ಆರ್‌ಪಿಎಂ ಕೆಳಗೇ ಗೇರ್ ಬದಲಿಸಿ. ಕೊನೆಯ ಸುತ್ತು ನಿಧಾನವಾಗಿ ಹೊಡೆದು ಎಂಜಿನ್ ತಣಿಸಿ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗ ಬಿಟ್ಟು ಮೇಲೇರಿತೋ, ಆ ದಿನದ ಓಟ ಅಲ್ಲಿಗೇ ನಿಲ್ಲಿಸಿ.