ವಿಮಾನ ಮತ್ತೆ ಮೇಲೆದ್ದರೆ ಗಾಬರಿ ಬೇಡ

ಸಿಂಧನೂರಿನ ಆರ್.ಎಚ್. ಕ್ಯಾಂಪಿನಿಂದ ಹೈದರಾಬಾದಿಗೆ ಹೋಗಿ, ನೆಂಟರನ್ನು ಕಾಣಲು ಕೋಲ್ಕತ್ತಾ ವಿಮಾನ ಹತ್ತುವ ಬಂಗಾಳಿ ಬಂಧುಗಳಿಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಕೋಲ್ಕತ್ತಾಗೆ ವಾಯವ್ಯದಿಂದ ಕಾಲಬೈಶಾಖಿ ಬಿರುಗಾಳಿ ನುಗ್ಗುತ್ತದೆ. ಅಲ್ಲಿನ ರನ್‌ವೇಗಳೋ ಉತ್ತರ-ದಕ್ಷಿಣ. ಗಾಳಿ ಓರೆಯಾಗಿ ಪಕ್ಕೆಗೆ ಬಡಿಯುತ್ತದೆ.

ಏರ್‌ಬಸ್ ಎ320 ಇಳಿಯಲು ಅಡ್ಡಗಾಳಿ, ರಭಸದ ಬೀಸೂ ಸೇರಿ, 38 ನಾಟ್‌ವರೆಗೆ ಸರಿ. ಅಂದರೆ ಗಂಟೆಗೆ ಸುಮಾರು 70 ಕಿ.ಮೀ. ರನ್‌ವೇಯಲ್ಲಿ ನೀರು ನಿಂತಿದ್ದರೆ ಮಿತಿ ಬಹಳ ಇಳಿಯುತ್ತದೆ. ಪೈಲಟ್ ಮೂತಿಯನ್ನು ಗಾಳಿಯತ್ತ ತಿರುಗಿಸಿಕೊಂಡೇ ಬಂದು, ನೆಲ ಮುಟ್ಟುವ ಹೊತ್ತಿಗೆ ನೆಟ್ಟಗೆ ಮಾಡುತ್ತಾರೆ. ಅದು ಹೊಂದದಿದ್ದರೆ ಇಳಿಸದೆ ಮತ್ತೆ ಮೇಲೇರಿಸುತ್ತಾರೆ: ಎಂಜಿನ್ ಒಮ್ಮೆಲೆ ಮೊರೆಯುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ಚಕ್ರಗಳು ದಡ್ಡೆಂದು ಒಳಸೇರುತ್ತವೆ. ಇದು ಅಪಘಾತವಲ್ಲ, ಜಾಣತನ.

ಹಾಗೆ ಮೇಲೇರದಿದ್ದರೆ ಏನಾಗಬಹುದು ನೋಡಿ: ಮಂಗಳೂರಿನಲ್ಲಿ 2010ರ ಮೇ 22ರಂದು ವಿಮಾನ ಅಪಘಾತವಾದಾಗ ಗಾಳಿಯ ಕಾಟವೇನೂ ಇರಲಿಲ್ಲ. ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಸಿದರು. ಆಮೇಲೆ ಏರಿಸಹೋದಾಗ ರನ್‌ವೇ ಸಾಲಲಿಲ್ಲ. 158 ಜನ ಪ್ರಾಣ ಕಳೆದುಕೊಂಡರು.

ಕಾಲಬೈಶಾಖಿ ಸಂಜೆಯ ಹೊತ್ತಿನದಾದ್ದರಿಂದ ಬೇಸಿಗೆಯಲ್ಲಿ ಆದಷ್ಟು ಬೆಳಗಿನ ವಿಮಾನವನ್ನೇ ಹಿಡಿಯಿರಿ, ಇಳಿದ ಕೂಡಲೇ ಹಿಡಿಯಬೇಕಾದ ರೈಲು ಇಟ್ಟುಕೊಳ್ಳಬೇಡಿ, ಬೆಲ್ಟ್ ಬಿಚ್ಚಬೇಡಿ. ತಡವಾಯಿತೆಂದು ಸಿಬ್ಬಂದಿಯ ಮೇಲೆ ರೇಗಲೂಬೇಡಿ.